ಗ್ರಹಣ, ರಾಹು, ವಿಜ್ಞಾನ: ಶಾಸ್ತ್ರವನ್ನೂ ವಿಜ್ಞಾನವನ್ನೂ ಒಟ್ಟಿಗೆ ಒಪ್ಪೋಕೆ ಆಗುತ್ತಾ?

ಮಲೆನಾಡ ಮೇಷ್ಟ್ರು

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ಆದಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ನೀವು ಭೂಮಿಯ ನೆರಳು ಅಂತೀರಿ. ಅಜ್ಜಿ ರಾಹು ಅಂತಾರೆ. ಹಾಗಾದರೆ ಅಜ್ಜಿ ಓದೋ ಭಾಗವತ ಸುಳ್ಳಾ?"

ಪರೀಕ್ಷೆಗೆ ಏನು ಬರೆಯಬೇಕು ಅನ್ನೋದು ಅವಳಿಗೆ ಗೊತ್ತು. ಅವಳು ಕೇಳಿದ್ದು ಅದನ್ನಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಎರಡು ಥರದ ಉತ್ತರ ಸಿಕ್ಕಿತು. "ಎಲ್ಲಾ ವೇದದಲ್ಲೇ ಇದೆ, ಇವರು ಈಗ ಕಂಡುಹಿಡಿಯುತ್ತಿದ್ದಾರೆ" ಅಂತ ಒಬ್ಬರು. "ಪುರಾಣ ಅಂದರೆ ಕಟ್ಟುಕತೆ, ಹಾಗಂತ ಹೇಳಿ ಮುಗಿಸಿ" ಅಂತ ಇನ್ನೊಬ್ಬರು. ಮೊದಲನೆಯದನ್ನು ಹೇಳಿದರೆ ನಾನು ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ. ಎರಡನೆಯದನ್ನು ಹೇಳಿದರೆ ಆ ಹುಡುಗಿಗೂ ಅಜ್ಜಿಗೂ ನಡುವೆ ಜಗಳ ತಂದಿಟ್ಟ ಹಾಗೆ. ತಿಳಿದವರು ಹೇಳಿ. ಬರೀ ಅಭಿಪ್ರಾಯ ಬೇಡ. ಗ್ರಂಥದಲ್ಲಿ ಏನಿದೆ, ಆಕಾಶದಲ್ಲಿ ಏನು ಕಾಣುತ್ತದೆ, ಅದನ್ನು ಹಿಡಿದು ಮಾತಾಡೋಣ.

ನಕ್ಷತ್ರ ವೀಕ್ಷಕ

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಸುಮಾರು 1500 ವರ್ಷದ ಇತಿಹಾಸ ಇದೆ. ಇಂಗ್ಲಿಷ್ ಶಾಲೆಗಳು ಬಂದಮೇಲೆ ಹುಟ್ಟಿದ ಜಗಳ ಅಲ್ಲ ಇದು.

499ರ ಸುಮಾರಿಗೆ ಆರ್ಯಭಟ ಗೋಲಪಾದದಲ್ಲಿ ಹೇಳಿದ್ದು ನೇರವಾಗಿದೆ: ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ. ರಾಹುವಿನ ಮಾತೇ ಇಲ್ಲ. ವರಾಹಮಿಹಿರ ಬೃಹತ್ಸಂಹಿತೆಯ ರಾಹುಚಾರ ಅಧ್ಯಾಯದಲ್ಲಿ ಇನ್ನೂ ಮುಂದೆ ಹೋಗಿ ವಾದಕ್ಕೇ ನಿಲ್ಲುತ್ತಾನೆ. ರಾಹುವಿಗೆ ದೇಹ ಇದ್ದು, ನಿಯತವಾದ ಗತಿಯಲ್ಲಿ ಓಡಾಡುತ್ತಾನೆ ಅನ್ನೋದಾದರೆ, ಅರ್ಧ ರಾಶಿಚಕ್ರದಷ್ಟು ದೂರದಲ್ಲಿರುವವರನ್ನು ಹಿಡಿಯೋದು ಹೇಗೆ? ನಿಯತ ಗತಿ ಇಲ್ಲ ಅನ್ನೋದಾದರೆ, ಲೆಕ್ಕ ಹಾಕಿದರೆ ಅವನು ಸಿಗೋದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಭಾಸ್ಕರಾಚಾರ್ಯರು 1150ರಲ್ಲಿ ಸಿದ್ಧಾಂತ ಶಿರೋಮಣಿಯಲ್ಲಿ ಮಾಡುವ ವಿಚಾರ. ಯಾಕೆಂದರೆ ಅದನ್ನು ಮಕ್ಕಳು ಕಣ್ಣಲ್ಲೇ ನೋಡಬಹುದು. ಚಂದ್ರಗ್ರಹಣದಲ್ಲಿ ಮೊದಲು ಮಂಕಾಗೋದು ಚಂದ್ರನ ಪೂರ್ವದ ಅಂಚು. ಸೂರ್ಯಗ್ರಹಣದಲ್ಲಿ ಮೊದಲು ಕಚ್ಚು ಬೀಳೋದು ಸೂರ್ಯನ ಪಶ್ಚಿಮದ ಅಂಚಿಗೆ. ಅರ್ಧ ಮುಚ್ಚಿದಾಗ ಚಂದ್ರನ ಕೊಂಬುಗಳು ಮೊಂಡಾಗಿರುತ್ತವೆ, ಸೂರ್ಯನವು ಚೂಪಾಗಿರುತ್ತವೆ. ಚಂದ್ರಗ್ರಹಣ ತುಂಬ ಹೊತ್ತು ಇರುತ್ತದೆ. ಅಂದಮೇಲೆ ಮುಚ್ಚುತ್ತಿರೋದು ಒಂದೇ ವಸ್ತು ಅಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಒಂದೇ ತಲೆ ಇಬ್ಬರನ್ನೂ ನುಂಗುವುದಾದರೆ ಇಷ್ಟು ವ್ಯತ್ಯಾಸ ಬರಬಾರದು. ಸೆಪ್ಟೆಂಬರ್ 7ರ ರಾತ್ರಿ ಚಂದ್ರ ಪೂರ್ತಿ ಮುಳುಗಿದ್ದು 11 ಗಂಟೆಗೆ, ಬಿಡುಗಡೆ ಶುರುವಾಗಿದ್ದು 12:22ಕ್ಕೆ. ಪೂರ್ಣ ಸೂರ್ಯಗ್ರಹಣ ಎಷ್ಟೇ ದೊಡ್ಡದಾದರೂ ಏಳೂವರೆ ನಿಮಿಷ ದಾಟುವುದಿಲ್ಲ. ಭಾಸ್ಕರರ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಇಷ್ಟೆಲ್ಲ ಹೇಳಿದ ಮೇಲೆ ಅವರು ಪುರಾಣವನ್ನು ಬಿಸಾಡುವುದಿಲ್ಲ. ವರ ಪಡೆದ ತಮೋಮಯ ರಾಹು ಭೂಮಿಯ ನೆರಳನ್ನು ಹೊಕ್ಕು ಚಂದ್ರನನ್ನು, ಚಂದ್ರನನ್ನು ಹೊಕ್ಕು ಸೂರ್ಯನನ್ನು ಮುಚ್ಚುತ್ತಾನೆ ಅಂತ ಹೇಳಿ, "ಸರ್ವಾಗಮಾನಾಮವಿರುದ್ಧಮೇತತ್" ಅಂತ ಮುಗಿಸುತ್ತಾರೆ. ಇದು ಯಾವ ಆಗಮಕ್ಕೂ ವಿರುದ್ಧವಲ್ಲ ಅಂತ. ವರಾಹಮಿಹಿರನೂ ಅಷ್ಟೇ: ಗ್ರಹಣದ ಹೊತ್ತಿನ ದಾನ, ಹೋಮಗಳಲ್ಲಿ ನಿನಗೂ ಪಾಲಿದೆ ಅಂತ ಬ್ರಹ್ಮ ರಾಹುವಿಗೆ ವರ ಕೊಟ್ಟಿದ್ದಾನೆ ಅನ್ನುತ್ತಾನೆ. ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ. ರಾಹುವಿಗೂ ಜಾಗ ಸಿಗುತ್ತದೆ.

ಪಂಚಾಂಗದ ಮನೆ

ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಪಂಚಾಂಗ ಗಣಿತ ನಡೆದು ಬಂದಿದೆ. ತಾತ ಸ್ಲೇಟಿನ ಮೇಲೆ ಸ್ಪರ್ಶ, ಮಧ್ಯ, ಮೋಕ್ಷ ಕಾಲಗಳನ್ನು ಗುಣಿಸುತ್ತಿದ್ದರು. ಆಮೇಲೆ ಅದೇ ಸ್ಪರ್ಶ ಕಾಲಕ್ಕೆ ಸ್ನಾನ ಮಾಡಿ ಜಪಕ್ಕೆ ಕೂರುತ್ತಿದ್ದರು. ಅವರಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಯಾವಾಗ ಆಗುತ್ತದೆ ಅನ್ನೋದು ಗಣಿತದ ಕೆಲಸ, ಆಗ ನಾನೇನು ಮಾಡಬೇಕು ಅನ್ನೋದು ಧರ್ಮಶಾಸ್ತ್ರದ ಕೆಲಸ.

ಒಂದು ವಿಷಯ ಸೇರಿಸುತ್ತೇನೆ. ಗಣಿತದಲ್ಲಿ ರಾಹು ಕೇತು ಅಂದರೆ ಪಾತಬಿಂದುಗಳು. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಎರಡೂ ಅಡ್ಡ ಹಾಯುವ ಎರಡು ಜಾಗಗಳೇ ರಾಹು ಕೇತು. ಅವು ಹಿಮ್ಮುಖವಾಗಿ ಸರಿಯುತ್ತಾ ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಬರುತ್ತವೆ. ಹುಣ್ಣಿಮೆ, ಅಮಾವಾಸ್ಯೆ ಅವುಗಳ ಹತ್ತಿರ ಬಿದ್ದರೆ ಮಾತ್ರ ಗ್ರಹಣ. ಪುರಾಣದ ಕತೆ ಇದನ್ನೇ ಸಾಮಾನ್ಯರಿಗೆ ತಿಳಿಯುವ ಹಾಗೆ ಹೇಳಿದ್ದು ಅಂತ ನನ್ನ ನಂಬಿಕೆ. ಹೀಗೆ ನೋಡಿದರೆ ವಿರೋಧ ಎಲ್ಲಿದೆ?

ಮೀಮಾಂಸೆ ಓದಿದವಳು

ಪಂಚಾಂಗದ ಮನೆ ಸರ್, ನಿಮ್ಮ ತಾತನವರ ರೀತಿ ನನಗೆ ತುಂಬ ಹಿಡಿಸಿತು. ನಿಮ್ಮ ಎರಡನೇ ಮಾತನ್ನು ಮಾತ್ರ ಒಪ್ಪಲಾರೆ.

ಭಾಗವತದ ಎಂಟನೇ ಸ್ಕಂಧದಲ್ಲಿ ಕತೆ ಹೇಗಿದೆ ನೋಡಿ. ಮೋಹಿನಿ ಅಮೃತ ಬಡಿಸುತ್ತಿದ್ದಾಳೆ. ರಾಹು ದೇವತೆಗಳ ವೇಷ ಹಾಕಿ ಪಂಕ್ತಿಯಲ್ಲಿ ಕೂರುತ್ತಾನೆ. ಸೂರ್ಯ ಚಂದ್ರರು ಗುರುತು ಹಿಡಿಯುತ್ತಾರೆ. ಚಕ್ರ ಕುತ್ತಿಗೆ ಕತ್ತರಿಸುತ್ತದೆ. ಅಮೃತ ಮುಟ್ಟಿದ ತಲೆ ಉಳಿಯುತ್ತದೆ, ಆ ಹಗೆ ಇನ್ನೂ ತೀರಿಲ್ಲ. ಇದರಲ್ಲಿ ವಂಚನೆ ಇದೆ, ಚಾಡಿ ಇದೆ, ದ್ವೇಷ ಇದೆ. ಅಮರತ್ವ ಸಿಕ್ಕಿಯೂ ಹಸಿವು ತೀರದ ಒಂದು ತಲೆ ಇದೆ. ಇದನ್ನೆಲ್ಲ 5 ಡಿಗ್ರಿ ಓರೆಯ ಗುಟ್ಟು ಅಂತ ಮಾಡಿಬಿಟ್ಟರೆ ಕತೆಯ ಜೀವವೇ ಹೋಗುತ್ತದೆ. ಗಣಿತಕ್ಕೂ ಅದರಿಂದ ಏನೂ ಸಿಗುವುದಿಲ್ಲ.

ಮೇಷ್ಟ್ರ ಪ್ರಶ್ನೆಗೆ ನಮ್ಮ ಆಚಾರ್ಯರಲ್ಲೇ ಉತ್ತರ ಇದೆ. ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕಕ್ಕೆ ಶಂಕರರು ಬರೆದ ಭಾಷ್ಯ ನೋಡಿ. ಬೆಂಕಿ ತಣ್ಣಗಿದೆ, ಅದಕ್ಕೆ ಬೆಳಕಿಲ್ಲ ಅಂತ ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣ ಆಗುವುದಿಲ್ಲ ಅನ್ನುತ್ತಾರೆ. ಶ್ರುತಿ ಹಾಗೆ ಹೇಳಿದ್ದರೆ ಅದರ ತಾತ್ಪರ್ಯ ಬೇರೆ ಇದೆ ಅಂತ ತಿಳಿಯಬೇಕು. ಶ್ರುತಿ ಪ್ರಮಾಣವಾಗೋದು ಪ್ರತ್ಯಕ್ಷ (ಕಣ್ಣಿಗೆ ಕಾಣೋದು), ಅನುಮಾನ (ತರ್ಕದಿಂದ ತಿಳಿಯೋದು) ಇವೆರಡಕ್ಕೂ ಸಿಗದ ವಿಷಯದಲ್ಲಿ ಮಾತ್ರ. ಇದನ್ನು ಹೇಳಿದ್ದು ನಾಸ್ತಿಕರಲ್ಲ, ಶಂಕರರು.

ಉಡುಪಿಯ ಕಡೆ ಬನ್ನಿ. ಮಧ್ವರು ಅದ್ವೈತವನ್ನು ಖಂಡಿಸುವಾಗ ಹಿಡಿದ ಅಸ್ತ್ರವೇ ಪ್ರತ್ಯಕ್ಷ. ಶ್ರುತಿಯ ಅರ್ಥ ತಿಳಿಯಬೇಕಾದರೂ ಮೊದಲು ಕಿವಿ ಕೇಳಬೇಕು. ಪ್ರತ್ಯಕ್ಷ ಉಪಜೀವ್ಯ, ಅಂದರೆ ಶ್ರುತಿ ನಿಂತಿರೋದೇ ಅದರ ಆಸರೆಯಲ್ಲಿ. ತಾನು ನಿಂತ ಆಸರೆಯನ್ನೇ ಶ್ರುತಿ ಕೆಡವಲಾರದು. ಬೇರೆಲ್ಲ ವಿಷಯದಲ್ಲಿ ಜಗಳ ಆಡಿದ ಈ ಎರಡು ಮತಗಳು, ಕಣ್ಣಿಗೆ ಕಂಡಿದ್ದಕ್ಕೆ ವಿರುದ್ಧವಾದ ಅರ್ಥವನ್ನು ಶಾಸ್ತ್ರಕ್ಕೆ ಅಂಟಿಸಬಾರದು ಅನ್ನೋದರಲ್ಲಿ ಒಂದೇ ಕಡೆ ಇವೆ.

ಮೀಮಾಂಸಕರಲ್ಲಂತೂ ಇದು ಮೊದಲ ಪಾಠ. "ಆದಿತ್ಯೋ ಯೂಪಃ" ಅಂತ ವೇದವಾಕ್ಯ ಇದೆ. ಯಜ್ಞದ ಕಂಬವೇ ಸೂರ್ಯ ಅಂತ. ಯಾವ ಮೀಮಾಂಸಕನೂ ಕಂಬ ಹೊತ್ತಿ ಉರಿಯುತ್ತಿದೆ ಅಂತ ವಾದ ಮಾಡಲಿಲ್ಲ. ಅದು ಅರ್ಥವಾದ, ಸ್ತುತಿ. ಆ ಹುಡುಗಿಗೆ ಹೇಳಿ ಮೇಷ್ಟ್ರೇ: ಭಾಗವತ ಸುಳ್ಳಲ್ಲ, ಆದರೆ ಅದು ಖಗೋಳದ ಪುಸ್ತಕವೂ ಅಲ್ಲ.

ಫ್ರೀಮಾಂಟ್ ಕನ್ನಡಿಗ

ಇಷ್ಟು ಸಂಕೋಚ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ನಮ್ಮ ವಿಜಯನಗರದ ಸಾಯಣಾಚಾರ್ಯರು 14ನೇ ಶತಮಾನದಲ್ಲಿ ಋಗ್ವೇದದ 1.50.4ಕ್ಕೆ ಭಾಷ್ಯ ಬರೆಯುವಾಗ ಒಂದು ಶ್ಲೋಕ ಉದ್ಧರಿಸುತ್ತಾರೆ: ಅರ್ಧ ನಿಮೇಷದಲ್ಲಿ 2202 ಯೋಜನ ಕ್ರಮಿಸುವ ನಿನಗೆ ನಮಸ್ಕಾರ. ಲೆಕ್ಕ ಹಾಕಿದರೆ ಬೆಳಕಿನ ವೇಗ ಬರುತ್ತದೆ. ಬೆಳಕಿಗೆ ವೇಗ ಇದೆ ಅಂತ ರೋಮರ್ ತೋರಿಸಿದ್ದು 1676ರಲ್ಲಿ. ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆಯುತ್ತಿರುವ ನನ್ನ ಮಕ್ಕಳಿಗೆ ಇದನ್ನು ಹೇಳುವಾಗ ಎದೆ ತುಂಬಿ ಬರುತ್ತದೆ. ಹೇಳಬಾರದಾ?

ನಕ್ಷತ್ರ ವೀಕ್ಷಕ

ಫ್ರೀಮಾಂಟ್ ಅಣ್ಣ, ಶ್ಲೋಕ ಇರೋದು ನಿಜ. ಲೆಕ್ಕವನ್ನು ಒಟ್ಟಿಗೇ ಹಾಕಿ ನೋಡೋಣ.

ಯೋಜನ ಅಂದರೆ ಎಷ್ಟು ಅಂತ ಮೊದಲು ನಿರ್ಧಾರ ಆಗಬೇಕು. ಆರ್ಯಭಟನ ಪ್ರಕಾರ ಭೂಮಿಯ ವ್ಯಾಸ 1050 ಯೋಜನ. ಭೂಮಿಯ ನಿಜವಾದ ವ್ಯಾಸ 12,742 ಕಿ.ಮೀ. ಅಂದರೆ ಯೋಜನಕ್ಕೆ ಸುಮಾರು 12.1 ಕಿ.ಮೀ. ಸೂರ್ಯಸಿದ್ಧಾಂತದಲ್ಲಿ ವ್ಯಾಸ 1600 ಯೋಜನ, ಅಂದರೆ ಯೋಜನಕ್ಕೆ ಸುಮಾರು 8 ಕಿ.ಮೀ. ಇನ್ನು ನಿಮೇಷ. ವಿಷ್ಣುಪುರಾಣದಲ್ಲಿ 15 ನಿಮೇಷಕ್ಕೆ ಒಂದು ಕಾಷ್ಠಾ, ಮನುಸ್ಮೃತಿಯಲ್ಲಿ 18ಕ್ಕೆ. ಮುಂದಿನದು ಎರಡರಲ್ಲೂ ಒಂದೇ: 30 ಕಾಷ್ಠಾಕ್ಕೆ ಕಲಾ, 30 ಕಲಾಕ್ಕೆ ಮುಹೂರ್ತ, 30 ಮುಹೂರ್ತಕ್ಕೆ ದಿನ. ಹಾಗಾಗಿ ಒಂದು ನಿಮೇಷ 0.213 ಸೆಕೆಂಡ್ ಆಗಬಹುದು, ಇಲ್ಲವೇ 0.178 ಸೆಕೆಂಡ್.

ಈಗ ಜೋಡಿ ಮಾಡಿ. ಸೂರ್ಯಸಿದ್ಧಾಂತದ ಯೋಜನಕ್ಕೆ ವಿಷ್ಣುಪುರಾಣದ ನಿಮೇಷ ಹಾಕಿದರೆ ಸೆಕೆಂಡಿಗೆ ಸುಮಾರು 1.64 ಲಕ್ಷ ಕಿ.ಮೀ. ಅದೇ ಯೋಜನಕ್ಕೆ ಮನುವಿನ ನಿಮೇಷ ಹಾಕಿದರೆ 1.97 ಲಕ್ಷ. ಆರ್ಯಭಟ ಮತ್ತು ವಿಷ್ಣುಪುರಾಣ ಸೇರಿದರೆ 2.5 ಲಕ್ಷ. ಆರ್ಯಭಟ ಮತ್ತು ಮನು ಸೇರಿದರೆ 3 ಲಕ್ಷ!

ಫ್ರೀಮಾಂಟ್ ಕನ್ನಡಿಗ

ನೋಡಿ, ಕೊನೆಯದು ಸರಿಯಾಗಿ ಕೂತಿತು. ಬೆಳಕಿನ ವೇಗ 2,99,792 ಕಿ.ಮೀ. ಅಲ್ವಾ?

ನಕ್ಷತ್ರ ವೀಕ್ಷಕ

ಕೂತಿತು. ಆದರೆ ನಾಲ್ಕರಲ್ಲಿ ಆ ಒಂದನ್ನೇ ಆರಿಸಿಕೊಳ್ಳಲು ಶ್ಲೋಕದಲ್ಲಿ ಏನು ಕಾರಣ ಇದೆ? ಕಾರಣ ಇರೋದು ನಮ್ಮ ಕೈಯಲ್ಲಿರುವ ಭೌತಶಾಸ್ತ್ರದ ಪುಸ್ತಕದಲ್ಲಿ. ಉತ್ತರ ಮೊದಲೇ ಗೊತ್ತಿದ್ದು, ಅದಕ್ಕೆ ಹೊಂದುವ ಅಳತೆಗೋಲು ಹುಡುಕಿದರೆ ಅದು ಅಳತೆ ಆಗುವುದಿಲ್ಲ. 1600ನೇ ಇಸವಿಯಲ್ಲಿ ಯಾರಾದರೂ ಈ ಶ್ಲೋಕ ಓದಿ "ಬೆಳಕಿನ ವೇಗ ಇಷ್ಟು" ಅಂತ ಹೇಳಲು ಸಾಧ್ಯವಿತ್ತಾ? ಪರೀಕ್ಷೆ ಅದು.

ಇನ್ನೊಂದು. ಶ್ಲೋಕ ಮಾತಾಡಿಸುತ್ತಿರೋದು ಸೂರ್ಯನನ್ನು. ಕ್ರಮಿಸುತ್ತಿರೋದು ಅವನು. ಓಡುವ ಸೂರ್ಯದೇವನಿಗೆ ಮಾಡಿದ ನಮಸ್ಕಾರ ಅದು, ಚೆಂದದ ನಮಸ್ಕಾರ.

ಮಕ್ಕಳಿಗೆ ಹೇಳಿ ಅಣ್ಣ, ಖಂಡಿತ ಹೇಳಿ. ಆದರೆ ಭಾಸ್ಕರರ ಪೂರ್ವದ ಅಂಚು, ಪಶ್ಚಿಮದ ಅಂಚಿನ ಮಾತು ಹೇಳಿ. ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ನಾಳೆ ಅವರ ಕ್ಲಾಸಿನಲ್ಲಿ ಯಾರೋ ಈ ಯೋಜನದ ಲೆಕ್ಕ ಬಿಚ್ಚಿಟ್ಟರೆ, ಮಕ್ಕಳು ಸಾಯಣರನ್ನಷ್ಟೇ ಅಲ್ಲ, ಭಾಸ್ಕರರನ್ನೂ ಅನುಮಾನಿಸುತ್ತಾರೆ. ನನ್ನ ಹೆದರಿಕೆ ಅದು.

ಬಿಸಿಲನಾಡಿನ ತಾಯಿ

ನೋಡ್ರಿ, ನೀವೆಲ್ಲ ದೊಡ್ಡ ದೊಡ್ಡ ಗ್ರಂಥದ ಮಾತು ಆಡುತ್ತಿದ್ದೀರಿ. ನಾನು ನೆಲದ ಮೇಲಿನ ಮಾತು ಹೇಳುತ್ತೇನೆ.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ ಆಯಿತಲ್ಲ, ಮಂಗಳೂರು, ಕೊಡಗಿನ ಕಡೆ ಬಳೆಯ ಹಾಗೆ ಕಂಡಿದ್ದು. ಅವತ್ತು ನಮ್ಮ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ತಿಪ್ಪೆಗುಂಡಿಯಲ್ಲಿ ಕುತ್ತಿಗೆವರೆಗೆ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೂತರೆ ಅಂಗವೈಕಲ್ಯ ಹೋಗುತ್ತದೆ ಅಂತ. ಮಕ್ಕಳು ಅಳುತ್ತಿದ್ದರು. ಟಿವಿಯಲ್ಲಿ, ಪೇಪರಿನಲ್ಲಿ ಎಲ್ಲರೂ ನೋಡಿದ್ದೀರಿ.

ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಗ್ರಹಣ ಬಂತು. ಅತ್ತೆ ನನ್ನನ್ನು ಕತ್ತಲೆ ಕೋಣೆಯಲ್ಲಿ ಅಂಗಾತ ಮಲಗಿಸಿದರು. ಮಗ್ಗಲು ಬದಲಿಸಬಾರದು, ನೀರು ಕುಡಿಯಬಾರದು, ಚಾಕು ಮುಟ್ಟಬಾರದು. ಅತ್ತೆ ಕೆಟ್ಟವರಲ್ಲ. ಹೆದರಿದ್ದರು. ಮಗುವಿನ ತುಟಿ ಸೀಳುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದರು. ನನಗೆ ತಲೆ ಸುತ್ತು ಬಂದರೂ ಅವರು ನೀರು ಕೊಡಲಿಲ್ಲ, ಪಕ್ಕದಲ್ಲೇ ಕೂತು ಅಳುತ್ತಿದ್ದರು.

ಆವಾಗ ಶಂಕರಾಚಾರ್ಯರು ಹೀಗೆ ಹೇಳಿದ್ದಾರೆ ಅಂತ ನಮ್ಮ ಮನೆಗೆ ಬಂದು ಯಾರು ಹೇಳಿದರು? ಬೆಳಿಗ್ಗೆ ಟಿವಿ ಹಚ್ಚಿದರೆ ಯಾವ ರಾಶಿಗೆ ಗಂಡಾಂತರ ಅಂತ ತಾಸುಗಟ್ಟಲೆ ಹೇಳುತ್ತಾರೆ. ಶಾಸ್ತ್ರ, ವಿಜ್ಞಾನ ಹೊಂದುತ್ತವೋ ಇಲ್ಲವೋ ನೀವು ತೀರ್ಮಾನ ಮಾಡಿಕೊಳ್ಳಿ. ಯಾವ ಶಾಸ್ತ್ರದಲ್ಲಿ ಮಕ್ಕಳನ್ನು ಹೂಳಿ ಅಂತ ಬರೆದಿದೆ, ಅದನ್ನು ಮೊದಲು ಹೇಳಿ.

ಪಂಚಾಂಗದ ಮನೆ

ಅಕ್ಕಾ, ಯಾವ ಶಾಸ್ತ್ರದಲ್ಲೂ ಇಲ್ಲ. ನಾನು ಓದಿದ ಒಂದೇ ಒಂದು ಧರ್ಮಶಾಸ್ತ್ರ ಗ್ರಂಥದಲ್ಲೂ ಅಂಥ ಮಾತಿಲ್ಲ.

ಊಟ ಬಿಡುವ ವಿಷಯದಲ್ಲಿ ನಿಯಮ ಇದೆ. ಚಂದ್ರಗ್ರಹಣಕ್ಕೆ ಮೂರು ಯಾಮ, ಸೂರ್ಯಗ್ರಹಣಕ್ಕೆ ನಾಲ್ಕು ಯಾಮ (ಒಂದು ಯಾಮ ಅಂದರೆ ಸುಮಾರು ಮೂರು ತಾಸು) ಮೊದಲಿಂದ ವೇಧ, ಅಂದರೆ ಊಟ ಮಾಡಬಾರದ ಹೊತ್ತು. ಆದರೆ ಮಕ್ಕಳಿಗೆ, ಮುದುಕರಿಗೆ, ಕಾಯಿಲೆಯವರಿಗೆ ಅದೇ ಗ್ರಂಥಗಳು ರಿಯಾಯಿತಿ ಕೊಟ್ಟಿವೆ. ಆ ಸಾಲು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಗರ್ಭಿಣಿಗೆ ನೀರು ಕೊಡದೆ ಮಲಗಿಸಿದ್ದನ್ನು ನಾನು ಧರ್ಮ ಅಂತ ಯಾವತ್ತೂ ಕರೆಯಲಾರೆ. ಪಂಚಾಂಗ ಹೊರಡಿಸುವ ನಾವು ಗ್ರಹಣದ ಪುಟದಲ್ಲಿ ರಾಶಿಫಲಕ್ಕೆ ಕೊಡುವ ಜಾಗವನ್ನು ಇದಕ್ಕೆ ಕೊಡಬೇಕು. ನಮ್ಮದರಲ್ಲಿ ಕೊಡಿಸುತ್ತೇನೆ.

ಮಲೆನಾಡ ಮೇಷ್ಟ್ರು

ಅಕ್ಕಾ, ನಿಮ್ಮ ಪೋಸ್ಟ್ ಓದಿದ ಮೇಲೆ ನನ್ನ ಪ್ರಶ್ನೆಯ ತೂಕ ಬದಲಾಯಿತು. ಗರ್ಭದಲ್ಲೇ ತುಟಿ ಸೀಳುವುದು ಮಗುವಿನ ಮುಖ ರೂಪುಗೊಳ್ಳುವ ಮೊದಲ ಕೆಲವು ವಾರಗಳಲ್ಲಿ ಆಗುವಂಥದ್ದು. ವಂಶವಾಹಿಗಳು, ತಾಯಿಯ ಪೋಷಣೆ, ಕೆಲವು ಔಷಧ, ಧೂಮಪಾನ ಇಂಥವು ಕಾರಣ ಆಗಬಹುದು. ಆಕಾಶದ ನೆರಳಿಗೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ಜೀವಶಾಸ್ತ್ರದ ಪಾಠದಲ್ಲಿ ಹೇಳುತ್ತೇನೆ, ಗ್ರಹಣದ ಪಾಠದಲ್ಲೂ ಹೇಳುತ್ತೇನೆ.

ಕಡಲತಡಿ

ನಾನು ಕರಾವಳಿಯ ಮುಸ್ಲಿಂ ಕುಟುಂಬದವನು. ಗ್ರಹಣದ ಮಾತು ಬಂದಿದ್ದರಿಂದ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ದಾಖಲೆ) ಹೇಳುತ್ತೇನೆ. ಪ್ರವಾದಿಯವರ ಪುಟ್ಟ ಮಗ ಇಬ್ರಾಹಿಂ ತೀರಿಕೊಂಡ ದಿನವೇ ಸೂರ್ಯಗ್ರಹಣ ಆಯಿತು. ಮಗುವಿನ ಸಾವಿಗೆ ಸೂರ್ಯನೇ ಕಪ್ಪಾದ ಅಂತ ಜನ ಮಾತಾಡಿಕೊಂಡರು. ಅದಕ್ಕೆ ಪ್ರವಾದಿಯವರು ಹೇಳಿದ್ದು: ಸೂರ್ಯ ಚಂದ್ರರು ದೇವರ ಕುರುಹುಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ. ಆಮೇಲೆ ನಮಾಜ್ ಮಾಡಿದರು. ಪಂಚಾಂಗದ ಮನೆಯವರ ತಾತ ನೆನಪಾದರು ನನಗೆ.

ಇಮಾಂ ಘಜಾಲಿ ತತ್ವಜ್ಞಾನಿಗಳನ್ನು ಖಂಡಿಸಲೆಂದೇ ಬರೆದ ಪುಸ್ತಕದ ಶುರುವಿನಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಗ್ರಹಣದ ಗಣಿತವನ್ನು ಧರ್ಮದ ಹೆಸರಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಕೇಡು ಮಾಡುತ್ತಾನೆ ಅಂತ. ಇಷ್ಟಾದರೂ ನಮ್ಮಲ್ಲೂ "ಕುರ್‌ಆನಿನಲ್ಲಿ ವಿಜ್ಞಾನ" ಅನ್ನೋ ಪುಸ್ತಿಕೆಗಳು ರಾಶಿ ರಾಶಿ. ಸಣ್ಣವನಿದ್ದಾಗ ಹುಚ್ಚು ಹಿಡಿದು ಓದುತ್ತಿದ್ದೆ. ಕಾಲೇಜಿಗೆ ಬಂದು ಒಂದೊಂದೇ ವಾದ ಕಳಚಿ ಬಿದ್ದಾಗ ನಂಬಿಕೆಯೇ ಅಲ್ಲಾಡಿತು. ನಂಬಿಕೆಗೆ ಪೆಟ್ಟು ಕೊಟ್ಟಿದ್ದು ವಿಜ್ಞಾನ ಅಲ್ಲ, ಆ ಪುಸ್ತಿಕೆಗಳು.

ಕೊಂಕಣಿ ಮನೆಯ ಕನ್ನಡತಿ

ಇದೇ ಮಾತನ್ನು ನಮ್ಮ ಕ್ರೈಸ್ತರ ಕಡೆಯಿಂದಲೂ ಹೇಳಬಹುದು. ಗೆಲಿಲಿಯೋ ಕತೆ ಎಲ್ಲರಿಗೂ ಗೊತ್ತು, ಬಿಡಿ. ಲೆಮೈತ್ರ್ ಕತೆ ಅಷ್ಟು ಜನಕ್ಕೆ ಗೊತ್ತಿಲ್ಲ.

ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಕ್ಯಾಥೋಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಅಂತ ಐನ್‌ಸ್ಟೈನರ ಸಮೀಕರಣಗಳಿಂದ 1927ರಲ್ಲಿ ತೋರಿಸಿದವರು. ಮಹಾಸ್ಫೋಟದ ವಿಚಾರಕ್ಕೆ ಬೀಜ ಹಾಕಿದವರೂ ಅವರೇ. 1951ರಲ್ಲಿ ಪೋಪ್ 12ನೇ ಪಯಸ್ ಒಂದು ಭಾಷಣದಲ್ಲಿ ಈ ವಿಜ್ಞಾನ ಸೃಷ್ಟಿಯನ್ನು ದೃಢಪಡಿಸುತ್ತಿದೆ ಅನ್ನೋ ಅರ್ಥದಲ್ಲಿ ಮಾತಾಡಿದರು. ಸಂತೋಷ ಪಡಬೇಕಾಗಿದ್ದ ಲೆಮೈತ್ರ್‌ಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಯಾವ ಧಾರ್ಮಿಕ ಪ್ರಶ್ನೆಗೂ ಹೊರಗಿನದು ಅನ್ನೋದು ಅವರ ನಿಲುವು.

ಯಾಕೆ ಅಂತ ಯೋಚಿಸಿ. ವಿಜ್ಞಾನದ ಸಿದ್ಧಾಂತ ನಾಳೆ ತಿದ್ದುಪಡಿ ಆಗಬಹುದು. ಆಗಬೇಕು, ಅದರ ಸ್ವಭಾವವೇ ಅದು. ಅದಕ್ಕೆ ಧರ್ಮಗ್ರಂಥವನ್ನು ಕಟ್ಟಿಹಾಕಿದರೆ, ಸಿದ್ಧಾಂತ ಬದಲಾದ ದಿನ ಗ್ರಂಥದ ಅರ್ಥವನ್ನೂ ಬದಲಾಯಿಸಬೇಕು. ದಿನಾ ಪೂಜೆ ಮಾಡುತ್ತಿದ್ದ ಒಬ್ಬ ಪಾದ್ರಿಗೆ ಇದು ಹೊಳೆದಿತ್ತು.

ನೇರ ಮಾತು

ಎಲ್ಲರೂ ತುಂಬ ಒಳ್ಳೆಯ ಮಾತು ಆಡುತ್ತಿದ್ದೀರಿ. ನನ್ನ ತಕರಾರು ಇರೋದು ಆ ಒಳ್ಳೆಯತನದ ಬಗ್ಗೆಯೇ.

ಭಾಗವತದ ಐದನೇ ಸ್ಕಂಧ ತೆಗೆಯಿರಿ. ಚಂದ್ರ ಸೂರ್ಯನಿಗಿಂತ ಒಂದು ಲಕ್ಷ ಯೋಜನ ಮೇಲಿದ್ದಾನೆ ಅಂತ ಇದೆ. ಹಾಗಿದ್ದರೆ ಚಂದ್ರ ಸೂರ್ಯನನ್ನು ಮುಚ್ಚೋಕೆ ಆಗುವುದೇ ಇಲ್ಲ. ಇದು ಅರ್ಥವಾದವಾ? ಸ್ತುತಿಯಾ? ಅಲ್ಲ. ದ್ವೀಪ, ಸಮುದ್ರ, ಮೇರು ಎಲ್ಲವನ್ನೂ ಯೋಜನದ ಲೆಕ್ಕದಲ್ಲಿ ವಿವರಿಸುತ್ತಾ ಹೋಗುವ ಭೂಗೋಳ, ಖಗೋಳ ಅದು. ಬರೆದವರು ಹಾಗೇ ನಂಬಿದ್ದರು. ಆ ಮಾತು ತಪ್ಪು. ತಪ್ಪು ಅಂತ ಹೇಳೋಕೆ ನಾಲಿಗೆ ಯಾಕೆ ಏಳುತ್ತಿಲ್ಲ?

ಭಾಸ್ಕರರ "ಅವಿರುದ್ಧ" ಅನ್ನೋ ಮಾತನ್ನು ನೀವು ಹೊಗಳುತ್ತೀರಿ. ನನಗೆ ಅದರಲ್ಲಿ ಒತ್ತಡ ಕಾಣುತ್ತದೆ. ಬ್ರಹ್ಮಗುಪ್ತ 628ರಲ್ಲಿ ರಾಹುವನ್ನು ಒಪ್ಪದವರು ವೇದ, ಸ್ಮೃತಿಗಳಿಗೆ ಹೊರಗಿನವರು ಅಂತ ಬೈದು, ಅದೇ ಗ್ರಂಥದಲ್ಲಿ ನೆರಳಿನ ಲೆಕ್ಕ ಹಾಕುತ್ತಾನೆ. 11ನೇ ಶತಮಾನದ ವಿದ್ವಾಂಸ ಅಲ್ಬೆರೂನಿ ಇದನ್ನು ಓದಿ ನೊಂದುಕೊಂಡು ಬರೆದ. ಲೆಕ್ಕ ಗೊತ್ತಿದ್ದವರು ಸತ್ಯವನ್ನು ತಮ್ಮೊಳಗೇ ಇಟ್ಟುಕೊಂಡರು, ಊರಿಗೆ ರಾಹುವನ್ನು ಬಿಟ್ಟರು. ತಿಪ್ಪೆಗುಂಡಿ ಬಂದಿದ್ದು ಅಲ್ಲಿಂದ.

ಅದಕ್ಕೇ ನನಗೆ ಎಚ್. ನರಸಿಂಹಯ್ಯನವರ ದಾರಿ ಸರಿ ಕಾಣುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಹೇಳಿಕೆ ಇದೆಯಾ, ಪರೀಕ್ಷೆಗೆ ಬನ್ನಿ. ವೈಮಾನಿಕ ಶಾಸ್ತ್ರದ ವಿಷಯದಲ್ಲೂ ಹಾಗೇ ಆಯಿತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹೇಳಿ ಬರೆಸಿದ್ದು ಅದು, ಭರದ್ವಾಜರ ಹೆಸರಲ್ಲಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದರ ಸಂಸ್ಕೃತವನ್ನೂ ನೋಡಿದರು, ಚಿತ್ರಗಳನ್ನೂ ನೋಡಿದರು. ಭಾಷೆ ಪ್ರಾಚೀನ ಅಲ್ಲ, ಆ ವಿಮಾನಗಳಲ್ಲಿ ಒಂದೂ ಹಾರುವಂಥದ್ದಲ್ಲ ಅಂತ ಬರೆದರು. ಹೊಂದಾಣಿಕೆ ಹುಡುಕಲಿಲ್ಲ. ಪರೀಕ್ಷೆ ಮಾಡಿದರು.

ಮೀಮಾಂಸೆ ಓದಿದವಳು

ನೇರ ಮಾತು ಸರ್, ಐದನೇ ಸ್ಕಂಧದ ಆ ಮಾತು ತಪ್ಪು. ನಾನು ಬರೆದೇ ಹೇಳುತ್ತಿದ್ದೇನೆ: ಚಂದ್ರ ಸೂರ್ಯನಿಗಿಂತ ಹತ್ತಿರ ಇದ್ದಾನೆ, ಪುರಾಣದ ಲೆಕ್ಕ ತಪ್ಪು. ಭಾಸ್ಕರರಿಗಿಂತ ಮೊದಲೇ ಲಲ್ಲ ಅನ್ನೋ ಗಣಿತಜ್ಞ ತನ್ನ ಗ್ರಂಥದಲ್ಲಿ ಮಿಥ್ಯಾಜ್ಞಾನ ಅಂತಲೇ ಒಂದು ಅಧ್ಯಾಯ ಇಟ್ಟು ಇಂಥ ಪುರಾಣದ ಖಗೋಳವನ್ನು ಖಂಡಿಸಿದ್ದಾನೆ. ಹಾಗಾಗಿ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು ಅನ್ನೋದು ಪೂರ್ತಿ ಸರಿಯಲ್ಲ. ಆದರೆ ಲೆಕ್ಕ ಬಲ್ಲವರು ಊರಿಗೆ ಹೇಳಲಿಲ್ಲ ಅನ್ನೋ ನಿಮ್ಮ ಆರೋಪಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸಂಸ್ಕೃತದಲ್ಲಿ ಖಂಡಿಸಿದರೆ ಊರಿಗೆ ತಲುಪುವುದಿಲ್ಲ.

ಆದರೂ ನಾನು ಭಾಗವತ ಓದುವುದನ್ನು ಬಿಡುವುದಿಲ್ಲ. ಗಜೇಂದ್ರ ಮೊಸಳೆಯ ಬಾಯಲ್ಲಿ ಸಿಕ್ಕಿ ಕೂಗಿದ್ದನ್ನು ಓದುವಾಗ ನನಗೆ ಸಿಗುವುದಕ್ಕೆ ಯೋಜನದ ಲೆಕ್ಕ ಬೇಕಿಲ್ಲ. ಲೆಕ್ಕ ಬಿದ್ದುಹೋದ ಮೇಲೆ ಉಳಿದ ಚೂರುಪಾರು ಅಂತ ಇದನ್ನು ನೀವು ಎಣಿಸಬೇಡಿ. ಮೊದಲಿನಿಂದಲೂ ಆ ಗ್ರಂಥ ಇರೋದೇ ಇದಕ್ಕೆ.

ಇಲ್ಲಿ ಎಲ್ಲರೂ ಒಂದು ಕಷ್ಟದ ವಿಷಯ ಬಿಟ್ಟಿದ್ದೀರಿ. ಎಷ್ಟೋ ಕಡೆ ಶಾಸ್ತ್ರವೇ ಆಕಾಶವನ್ನು ನೋಡಿ ಮಾಡು ಅನ್ನುತ್ತದೆ. ಉತ್ತರಾಯಣ ಪುಣ್ಯಕಾಲ ಅಂದರೆ ಸೂರ್ಯ ಉತ್ತರಕ್ಕೆ ತಿರುಗುವ ಹೊತ್ತು. ಸೂರ್ಯ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಎಳ್ಳು ಬೀರೋದು ಜನವರಿ 14 ಅಥವಾ 15ಕ್ಕೆ. ಇಲ್ಲಿ "ಗಣಿತ ಬೇರೆ, ಧರ್ಮ ಬೇರೆ" ಅಂತ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಪಂಚಾಂಗದ ಮನೆ ಸರ್, ನೀವೇ ಹೇಳಿ.

ನಕ್ಷತ್ರ ವೀಕ್ಷಕ

ನಡುವೆ ಒಂದು ಮಾತು. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿ ಸಂಜೆ ಸೂರ್ಯನ ಬೆಳಕು ಲಿಂಗದ ಮೇಲೆ ಬೀಳುವುದನ್ನು ಎಲ್ಲರೂ ಬಲ್ಲಿರಿ. ನವೆಂಬರ್ ಕೊನೆಯಲ್ಲೂ ಕೆಲವು ದಿನ ಹಾಗೇ ಬೀಳುತ್ತದೆ. ಡಿಸೆಂಬರ್ 21ರಿಂದ ಎರಡೂ ಕಡೆ ಸುಮಾರು ಅಷ್ಟೇ ದಿನ ದೂರ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ ಅದೇ ಕಿಟಕಿಯ ನೇರಕ್ಕೆ ಬರುತ್ತಾನೆ. ಮೀಮಾಂಸೆ ಮೇಡಂ ಹೇಳಿದ ತಿರುವು ಡಿಸೆಂಬರಿನಲ್ಲೇ ಆಗುತ್ತದೆ ಅನ್ನೋದಕ್ಕೆ ಆ ಗುಡಿಯ ಬೆಳಕೇ ಸಾಕ್ಷಿ.

ಪಂಚಾಂಗದ ಮನೆ

ನೇರವಾಗಿ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಅಯನ ಸರಿಯುತ್ತದೆ. ಸುಮಾರು 1700 ವರ್ಷದ ಹಿಂದೆ ಮಕರ ಸಂಕ್ರಮಣ, ಉತ್ತರಾಯಣ ಎರಡೂ ಒಂದೇ ದಿನ ಬೀಳುತ್ತಿದ್ದವು. ಈಗ 24 ಡಿಗ್ರಿ ವ್ಯತ್ಯಾಸ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22ರಿಂದ ಋತುವಿಗೆ ಹೊಂದುವ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ಸರ್ಕಾರಿ ಗೆಜೆಟ್ಟಿನ ಮೇಲೆ ಆ ತಾರೀಖು ಇರುತ್ತದೆ. ಮನೆಗಳಿಗೆ ಅದು ಬರಲಿಲ್ಲ.

ಸಂಕ್ರಾಂತಿಯನ್ನು ಡಿಸೆಂಬರಿಗೆ ಎಳೆಯಬೇಕು ಅಂತ ನಾನು ಹೇಳುವುದಿಲ್ಲ. ಸೂರ್ಯ ನಕ್ಷತ್ರಗಳ ಲೆಕ್ಕದಲ್ಲಿ ಮಕರ ರಾಶಿಗೆ ಬರುವ ದಿನ ಜನವರಿಯದೇ, ಅದು ಸುಳ್ಳಲ್ಲ. ಸುಗ್ಗಿ, ಎಳ್ಳು ಬೆಲ್ಲ, ಕಿಚ್ಚು ಹಾಯಿಸೋದು ಎಲ್ಲ ಅದಕ್ಕೆ ಹೊಂದಿಕೊಂಡಿದೆ. ಆದರೆ ಅದೇ ದಿನಕ್ಕೆ "ಉತ್ತರಾಯಣ ಆರಂಭ" ಅಂತ ಅಚ್ಚು ಹಾಕೋದು ತಪ್ಪು. ಪ್ರತ್ಯಕ್ಷಕ್ಕೆ ವಿರುದ್ಧ. ದೃಗ್ಗಣಿತ (ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ಲೆಕ್ಕ) ಒಪ್ಪಿ ಗ್ರಹಣದ ಹೊತ್ತನ್ನು ನಿಮಿಷಕ್ಕೆ ಸರಿಯಾಗಿ ಕೊಡುವ ನಾವು, ಅಯನದ ವಿಷಯದಲ್ಲಿ ಹಳೆಯದನ್ನೇ ಹಿಡಿದು ಕೂರೋದು ನ್ಯಾಯ ಅಲ್ಲ.

ನಮ್ಮ ಪಂಚಾಂಗದಲ್ಲಿ ಈಗಾಗಲೇ ಡಿಸೆಂಬರ್ ಪುಟದಲ್ಲಿ "ಸಾಯನ ಉತ್ತರಾಯಣ" (ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವ ಹೊತ್ತು) ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಅದನ್ನು ದಪ್ಪ ಅಕ್ಷರಕ್ಕೆ ತರಬೇಕು ಅಂತ ಚಿಕ್ಕಪ್ಪನವರ ಹತ್ತಿರ ವಾದ ಮಾಡುತ್ತಿದ್ದೇನೆ. ಧರ್ಮಸಿಂಧು ಅನ್ನೋ ಧರ್ಮಶಾಸ್ತ್ರ ಗ್ರಂಥದ ಸಂಕ್ರಾಂತಿ ನಿರ್ಣಯ ಮುಂದಿಟ್ಟುಕೊಂಡು ಅವರು ಒಪ್ಪುತ್ತಿಲ್ಲ. ಮೀಮಾಂಸೆ ಮೇಡಂ, ಶಂಕರಭಾಷ್ಯದ ಆ ಪೂರ್ತಿ ವಾಕ್ಯ, ಮಧ್ವರ ಉಪಜೀವ್ಯದ ಮಾತು ಎರಡನ್ನೂ ಸಂಸ್ಕೃತದಲ್ಲೇ ಇಲ್ಲಿ ಹಾಕಿಕೊಡಿ. ಮುಂದಿನ ವರ್ಷದ ಪ್ರತಿ ಅಚ್ಚಿಗೆ ಹೋಗುವ ಮೊದಲು ಅವರ ಜೊತೆ ಇನ್ನೊಮ್ಮೆ ಕೂರುತ್ತೇನೆ.